ತನಾನಾ ನದಿಯ ಮೇಲೆ ಅತ್ತೆ ಸೊಸೆ

ನನ್ನ ಮಗ ಡೇನ್ ಮದುವೆ ಮಾಡಿಕೊಂಡು ಹೆಂಡತಿಯನ್ನು ಅಲಾಸ್ಕದ ನಮ್ಮೂರು ರೇವನ್ ಬೆಂಡಿಗೆ ಕರೆತಂದದ್ದು ಅಕ್ಟೋಬರ್ ಕೊನೆಯಲ್ಲಿ. ತನಾನಾ ನದಿ ಆಗಷ್ಟೇ ಅಂಚಿನಿಂದ ಹೆಪ್ಪುಗಟ್ಟತೊಡಗಿತ್ತು. ಸೊಸೆ ಪಿಕಪ್ ಗಾಡಿಯಿಂದ ಇಳಿದದ್ದು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು. ನನ್ನ ಹೆಂಡತಿ ಒಡೆಟ್ ಅವಳನ್ನು ಅಪ್ಪಿಕೊಂಡಳು, ಕೆನ್ನೆಗೆ ಮುತ್ತು ಕೊಟ್ಟಳು, ಆಮೇಲೆ ಬೂಟಿನ ಕಡೆ ನೋಡಿ, "ಇದನ್ನ ಬೇಸಿಗೆವರೆಗೂ ಅಟ್ಟದ ಮೇಲಿಡು ಮಗಳೇ. ಇಲ್ಲಿ ಇದನ್ನ ಹಾಕ್ಕೊಂಡು ಓಡಾಡಿದ್ರೆ ಸಂಜೆ ಬಿಚ್ಚೋವಾಗ ಬೆರಳು ಬೂಟೊಳಗೇ ಉಳಿಯುತ್ತೆ" ಅಂದಳು.

ಸೊಸೆಯ ಹೆಸರು ಅಂಪಾರೊ. ಊರು ಕೆಚಿಕನ್. ಅದೂ ಅಲಾಸ್ಕವೇ, ಆದರೆ ಅಲ್ಲಿ ಆಕಾಶದಿಂದ ಬೀಳುವುದೆಲ್ಲ ಮಳೆ. ಅವಳ ಮುತ್ತಜ್ಜ ಫಿಲಿಪೀನ್ಸಿನಿಂದ ಮೀನಿನ ಕಾರ್ಖಾನೆಯ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತವನು. ಅಪ್ಪನದು ದೋಣಿಯ ಎಂಜಿನ್ ರಿಪೇರಿ ಅಂಗಡಿ. ಹುಡುಗಿ ಅಲ್ಲೇ ಸ್ಪ್ಯಾನರ್ ಹಿಡಿದು ಬೆಳೆದವಳು. ನಮ್ಮೂರಿಗೆ ಬಂದ ಹದಿನೈದೇ ದಿನಕ್ಕೆ ಹಿಮದ ಮೇಲೆ ಓಡಿಸುವ ಸ್ನೋಮಷೀನುಗಳನ್ನೆಲ್ಲ ಜನ ಅವಳ ಹತ್ತಿರವೇ ತರತೊಡಗಿದರು. ಡೇನ್‌ಗೆ ಉತ್ತರದ ಎಣ್ಣೆಬಾವಿಯಲ್ಲಿ ಕೆಲಸ. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಹಾಗಾಗಿ ಹೆಚ್ಚು ಹೊತ್ತು ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಸೊಸೆ, ನಾನು.

ಒಡೆಟ್ ಊರಿನ ಅಂಚೆ ಕಚೇರಿ ನೋಡಿಕೊಳ್ಳುತ್ತಾಳೆ. ಅರವತ್ತು ದಾಟಿದೆ. ಆದರೆ ಮಾರ್ಚ್ ತಿಂಗಳಲ್ಲಿ ನಮ್ಮೂರಲ್ಲಿ ನಡೆಯುವ ಫ್ಯಾಟ್ ಬೈಕ್ ಅನ್ನುವ ದಪ್ಪ ಟೈರಿನ ಸೈಕಲ್ಲುಗಳ ರೇಸಿನಲ್ಲಿ ಹೆಂಗಸರ ಪೈಕಿ ಅವಳನ್ನು ಹಿಂದೆ ಹಾಕಿದವರು ಕಡಿಮೆ. ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಎಳೇ ಹುಡುಗಿಯರು ಬರುತ್ತಾರೆ, ನುಣುಪಾದ ಬಟ್ಟೆ, ಗರಿಯಷ್ಟು ಹಗುರದ ಸೈಕಲ್ಲು. ನದಿ ಎಲ್ಲಿ ಗಟ್ಟಿ, ಎಲ್ಲಿ ಹಿಮದಡಿ ನೀರು ಉಕ್ಕಿ ನಿಂತಿದೆ, ಎಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ ಬರೀ ಗಾಜಿನಂಥ ಮಂಜುಗಡ್ಡೆ ಬಿಟ್ಟಿದೆ, ಇದೆಲ್ಲ ಒಡೆಟ್‌ಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಅವಳು ಹೇಳಿಕೊಡುವವಳೂ ಅಲ್ಲ.

ಒಂದು ದಿನ ಬೆಳಗಿನ ತಿಂಡಿ ಹೊತ್ತಿಗೆ ಅಂಪಾರೊ, "ಅತ್ತೆ, ಈ ಸಲ ನಾನೂ ರೇಸಿಗೆ ಹೆಸರು ಕೊಡಲಾ?" ಅಂತ ಕೇಳಿದಳು.

ಒಡೆಟ್ ದೋಸೆಯಂಥ ಪ್ಯಾನ್‌ಕೇಕನ್ನು ಮಗುಚುತ್ತಿದ್ದಳು. ತಿರುಗಿ ನೋಡದೆ, "ಕೊಡು, ಕೊಡು. ಕೊನೇಲಿ ಬರೋರೂ ಒಬ್ಬರು ಬೇಕಲ್ಲ" ಅಂದಳು.

"ಸೈಕಲ್ ಓಡಿಸೋಕೆ ಬರುತ್ತೆ ಅತ್ತೆ."

"ಮಳೇಲಿ ಓಡಿಸೋಕೆ ಬರುತ್ತೆ. ಇಲ್ಲಿ ಸೈಕಲ್ ನೀನು ಓಡಿಸೋದಲ್ಲ, ಹಿಮ ಓಡಿಸುತ್ತೆ."

ಡೇನ್‌ನ ಹಳೇ ಸೈಕಲ್ಲನ್ನು ಅಂಪಾರೊ ಅಟ್ಟದಿಂದ ಕೆಳಗಿಳಿಸಿದಳು. ಮೊದಲ ದಿನ ಅಂಗಳ ದಾಟುವುದರೊಳಗೆ ಮೂರು ಕಡೆ ಬಿದ್ದಳು. ಒಡೆಟ್ ಅಡುಗೆಮನೆ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತು ಎಲ್ಲವನ್ನೂ ನೋಡಿದಳು. ನನಗೆ ಮನಸ್ಸು ತಡೆಯಲಿಲ್ಲ. ಹೊರಗೆ ಹೋಗಿ, "ಗಾಳಿ ಇಳಿಸಮ್ಮ. ಹೆಬ್ಬೆರಳು ಒತ್ತಿದ್ರೆ ಟೈರು ಹಣ್ಣಾದ ಟೊಮೇಟೊ ಥರ ಒಳಗೆ ಹೋಗ್ಬೇಕು. ಆಗ ಹಿಮದ ಮೇಲೆ ಹರಡಿಕೊಂಡು ಹಿಡಿಯುತ್ತೆ" ಅಂದೆ. ಒಳಗೆ ಬಂದಾಗ ಒಡೆಟ್ ಕಾಯುತ್ತಿದ್ದಳು.

"ಯಾರ ಕಡೆ ನೀನು, ವರ್ನ್?"

"ಯಾರ ಕಡೇನೂ ಇಲ್ಲ. ಹುಡುಗಿ ಸೊಂಟ ಮುರ್ಕೊಂಡ್ರೆ ಊರಿನ ಸ್ನೋಮಷೀನುಗಳನ್ನ ನೀನು ರಿಪೇರಿ ಮಾಡ್ತೀಯಾ?"

"ಸೊಂಟ ಮುರ್ಕೊಳ್ಳೋ ವಯಸ್ಸು ನಂದು. ನನಗೆ ಯಾವತ್ತಾದ್ರೂ ಟೊಮೇಟೊ ಹೇಳಿಕೊಟ್ಟಿದೀಯಾ?"

ಚಳಿಗಾಲವೆಲ್ಲ ಹೀಗೇ ನಡೆಯಿತು. ಅಂಪಾರೊ ಬಿದ್ದಳು, ಎದ್ದಳು, ಆಮೇಲಾಮೇಲೆ ಬೀಳುವುದು ಕಡಿಮೆಯಾಯಿತು. ಒಡೆಟ್ ಅಂಚೆ ಕಚೇರಿ ಮುಚ್ಚಿ ನೇರ ನದಿಗಿಳಿದು ಒಬ್ಬಳೇ ಅಭ್ಯಾಸ ಮಾಡಿ ಬರುತ್ತಿದ್ದಳು. ಸೊಸೆ ಎಷ್ಟು ದೂರ ಹೋಗಿದ್ದಳು ಅಂತ ನನ್ನನ್ನು ಕೇಳುತ್ತಿದ್ದಳು, ಏನೋ ನೆನಪಾದಂತೆ ನಟಿಸಿ. ಮನಸ್ತಾಪ ಏನೂ ಇರಲಿಲ್ಲ. ಒಟ್ಟಿಗೆ ಅಡುಗೆ ಮಾಡುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ಸೈಕಲ್ಲಿನ ಮಾತು ಬಂದರೆ ಮಾತ್ರ ಇಬ್ಬರ ಗಲ್ಲವೂ ಸ್ವಲ್ಪ ಮುಂದಕ್ಕೆ ಬರುತ್ತಿತ್ತು.

ರೇಸಿಗೆ ಮುಂಚೆ ಅಂಪಾರೊ ಅತ್ತೆಯ ಸೈಕಲ್ಲಿನ ಹಿಂದಿನ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದಳು. "ಅತ್ತೆ, ಫ್ರೀವೀಲ್ ಒಳಗಿನ ಗ್ರೀಸು ಮಂದ ಆಗಿದೆ. ಜಾಸ್ತಿ ಚಳಿ ಬಿದ್ರೆ ಒಳಗಿನ ಹಲ್ಲು ಅಂಟ್ಕೊಂಡುಬಿಡುತ್ತೆ, ತುಳಿದ್ರೂ ಚಕ್ರ ತಿರುಗಲ್ಲ. ತೆಗೆದು ತೆಳು ಎಣ್ಣೆ ಬಿಡಲಾ?"

"ರೇಸಿಗೆ ಮುಂಚೆ ಎದುರಾಳಿ ಕೈಗೆ ಯಾರಾದ್ರೂ ಸೈಕಲ್ ಕೊಡ್ತಾರಾ?" ಅಂದಳು ಒಡೆಟ್. ತಮಾಷೆಗೇ ಅಂದದ್ದು. ಆದರೆ ಕೊಡಲಿಲ್ಲ.

ರೇಸಿನ ದಿನ ಶನಿವಾರ ಆಕಾಶ ತಿಳಿಯಾಗಿತ್ತು, ಹಾಗಾಗಿ ಚಳಿ ಹೆಚ್ಚು. ಉಗುಳಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗುವಂಥದ್ದು. ಸೇತುವೆ ಕೆಳಗೆ ನದಿಯ ಮೇಲೆ ಸೈಕಲ್ಲುಗಳು ಸಾಲುಗಟ್ಟಿದವು. ಹಿಡಿಕೆಗಳಿಗೆ ಕೈ ತೂರಿಸಿಕೊಳ್ಳುವ ದಿಂಬಿನಂಥ ಚೀಲ, ಹಿಂದೆ ಮಲಗುವ ಚೀಲ, ಚಾಪೆ, ಸ್ಟೋವು. ದಾರಿ ಇಷ್ಟು: ನದಿಯ ಮೇಲೆ ಮೇಲ್ಮುಖವಾಗಿ ಹೋಗಿ, ದಡ ಹತ್ತಿ ಸ್ಪ್ರೂಸ್ ಮರಗಳ ಕಾಡಿನೊಳಗೆ ನುಗ್ಗಿ, ಬೇಟೆಗಾರರ ಹಳೇ ಮರದ ಮನೆ ಮುಟ್ಟಿ, ಅದೇ ದಾರಿಯಲ್ಲಿ ವಾಪಸು ಬರಬೇಕು. ಗೆಲುವಿನ ಗೆರೆಯೂ ಸೇತುವೆ ಕೆಳಗೇ.

ನನ್ನದು ಮರದ ಮನೆಯಲ್ಲಿ ಸೂಪು ಬಡಿಸುವ ಕೆಲಸ. ಮುಂಚೆಯೇ ಸ್ನೋಮಷೀನಿನಲ್ಲಿ ಹೋಗಿ ಒಲೆ ಹಚ್ಚಿದ್ದೆ. ಫೇರ್‌ಬ್ಯಾಂಕ್ಸಿನ ಇಬ್ಬರು ಹುಡುಗಿಯರು ಮೊದಲು ಬಂದು ಮುಟ್ಟಿ ಹೋದರು. ಅವರ ಹಿಂದೆಯೇ ಒಡೆಟ್. ರೆಪ್ಪೆಯೆಲ್ಲ ಬೆಳ್ಳಗೆ, ಮೂಗಿನ ಕೆಳಗೆ ಮಂಜಿನ ಮೀಸೆ. ನಿಂತುಕೊಂಡೇ ಸೂಪು ಕುಡಿದಳು.

"ಅವಳೆಲ್ಲಿ?"

"ಇನ್ನೂ ಬಂದಿಲ್ಲ."

"ನಾನು ಕೇಳಿದ್ದು ಸುಮ್ನೆ."

ಆಮೇಲೆ ಕಾಲುಚೀಲ ಬಿಚ್ಚಿ ಒಲೆ ಮೇಲೆ ಒಣಹಾಕಿದಳು. ಅದು ಒಣಗಿಯೇ ಇತ್ತು. ತಿರುಗಿಸಿ ಹಾಕಿದಳು. ಮತ್ತೆ ತಿರುಗಿಸಿದಳು. ಬಾಗಿಲು ತೆರೆದು ಅಂಪಾರೊ ಒಳಗೆ ಬಂದ ಮೇಲೆ ತಕ್ಷಣ ಕಾಲುಚೀಲ ಏರಿಸಿಕೊಂಡು, "ಬಂದ್ಯಾ? ಪರವಾಗಿಲ್ವೇ" ಅಂತ ಹೇಳಿ ಹೊರಟೇಬಿಟ್ಟಳು.

ಅಂಪಾರೊ ನನ್ನ ಸೂಪು ಮುಟ್ಟಲಿಲ್ಲ. ಜಾಕೀಟಿನೊಳಗೆ ಹೊಟ್ಟೆಗೆ ಅವುಚಿಕೊಂಡಿದ್ದ ಅನ್ನದ ಉಂಡೆ ತೆಗೆದು ತಿಂದಳು. ಒಳಗೆ ಸೋಯಾ ಮತ್ತು ವಿನಿಗರ್ ಹಾಕಿ ಬೇಯಿಸಿದ ಮೂಸ್ ಮಾಂಸ, ಅಂದರೆ ನಮ್ಮ ಕಾಡಿನ ಕುದುರೆಗಾತ್ರದ ಜಿಂಕೆಯದು. ಮೈಶಾಖಕ್ಕೆ ಇನ್ನೂ ಮೆತ್ತಗಿತ್ತು. ಬೇರೆಯವರ ಚಾಕಲೇಟು ಕಡ್ಡಿಗಳೆಲ್ಲ ಇಟ್ಟಿಗೆಯಾಗಿದ್ದವು. "ಅತ್ತೆ ಮುಖ ಹೇಗಿತ್ತು ಮಾವ?" ಅಂದಳು.

"ನಿನಗೋಸ್ಕರ ಕಾದ ಹಾಗಿತ್ತು."

"ಸುಳ್ಳು ಹೇಳ್ಬೇಡಿ" ಅಂದು ನಕ್ಕು, ಹೊರಟಳು.

ಮುಂದಿನದನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ, ಸೇರಿಸಿ ಹೇಳುತ್ತೇನೆ. ಕಾಡಿನೊಳಗೆ ಒಂದು ಏರಿನಲ್ಲಿ ಒಡೆಟ್‌ಳ ಪೆಡಲು ಇದ್ದಕ್ಕಿದ್ದಂತೆ ಹಗುರವಾಯಿತು. ಕಾಲು ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಸೊಸೆ ಹೇಳಿದ್ದೇ ಆಗಿತ್ತು. ಇಳಿದು ತಳ್ಳಿಕೊಂಡು ನಡೆದಳು. ನಡೆಯುವಾಗ ದಾರಿಯಂಚಿನಲ್ಲಿ ಹಿಮ ಕುಸಿದು, ಅಡಿಯಲ್ಲಿ ಉಕ್ಕಿ ನಿಂತಿದ್ದ ನೀರಿಗೆ ಎರಡೂ ಕಾಲು ಇಳಿದವು. ಬೂಟು ತುಂಬ ನೀರು. ಅಷ್ಟರಲ್ಲಿ ಹಿಂದಿನಿಂದ ಅಂಪಾರೊ ಬಂದಳು.

"ಏನಾಯ್ತು ಅತ್ತೆ?"

"ಏನಿಲ್ಲ. ಕಾಲಾಡಿಸೋಣ ಅಂತ ಇಳಿದೆ. ನೀನು ಹೋಗು."

"ಫ್ರೀವೀಲ್ ಹೋಯ್ತಾ?"

"ಹೋಗು ಅಂದ್ನಲ್ಲ. ನಿನಗೆ ಗೆಲ್ಲೋಕೆ ಇದಕ್ಕಿಂತ ಒಳ್ಳೇ ದಿನ ಸಿಗಲ್ಲ."

ಅಂಪಾರೊ ಸೈಕಲ್ಲನ್ನು ಹಿಮಕ್ಕೆ ಒರಗಿಸಿ ಅತ್ತೆಯ ಸೈಕಲ್ಲನ್ನು ತಲೆಕೆಳಗು ಮಾಡಿದಳು. ಚೀಲದಿಂದ ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳನ್ನು ತೆಗೆದು, ಹಿಂದಿನ ಹಲ್ಲುಚಕ್ರವನ್ನು ಚಕ್ರದ ಕಡ್ಡಿಗಳಿಗೇ ಬಿಗಿದು ಕಟ್ಟಿದಳು. ಬೆರಳು ಬರಿದಾಗಿಟ್ಟು ಒಂದು ಗಂಟು, ಆಮೇಲೆ ಕಂಕುಳಲ್ಲಿ ಬೆರಳು ಬೆಚ್ಚಗೆ ಮಾಡಿಕೊಂಡು ಇನ್ನೊಂದು ಗಂಟು. ಒಡೆಟ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಬೂಟು ಒದ್ದೆಯಾದದ್ದನ್ನು ಹೇಳಲಿಲ್ಲ.

"ಹತ್ತಿ. ಆದರೆ ಒಂದು ವಿಷಯ. ಚಕ್ರ ತಿರುಗ್ತಿರೋವಷ್ಟು ಹೊತ್ತೂ ಪೆಡಲ್ ತುಳೀತಾನೇ ಇರಬೇಕು. ಇಳಿಜಾರಲ್ಲೂ. ನಿಲ್ಲಿಸಿದ್ರೆ ಚೈನು ಸುತ್ಕೊಳ್ಳುತ್ತೆ."

"ಇಳಿಜಾರಲ್ಲಿ ಹ್ಯಾಗೆ ತುಳಿಯೋದು?"

"ಜೋರಾಗಿ" ಅಂದಳು ಸೊಸೆ.

ಇಷ್ಟಾಗುವಷ್ಟರಲ್ಲಿ ಮರದ ಮನೆಯಲ್ಲಿ ನನ್ನ ವೈರ್‌ಲೆಸ್ಸು ಕರೆಯಿತು. ಸೇತುವೆ ಹತ್ತಿರ ಗೆರೆ ಕಾಯುತ್ತಿದ್ದ ಪರ್ಸಿ. ಅವನಿಗೆ ನನ್ನದೇ ವಯಸ್ಸು, ಕಣ್ಣು ಮಾತ್ರ ನನ್ನವಕ್ಕಿಂತ ಹಳೆಯವು.

"ವರ್ನ್, ನದೀಗಿಳಿಯೋ ದಿಬ್ಬದ ಹತ್ರ ದಾರಿ ಮೇಲೆ ಒಂದು ಮೂಸ್ ನಿಂತಿದೆಯಂತೆ. ಯಾರನ್ನೂ ಬಿಡ್ತಿಲ್ಲ. ಹೋಗಿ ನೋಡು."

"ನೋಡಿ ಏನ್ ಮಾಡಲಿ? ಟಿಕೆಟ್ ಕೇಳಲಾ?"

"ನೋಡು, ಅಷ್ಟೇ. ನಿನ್ನ ಹೆಂಡತಿಗಿಂತ ಸ್ವಲ್ಪ ಸಮಾಧಾನದ ಪ್ರಾಣಿ ಇರಬಹುದು."

ಸೂಪಿನ ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಟೆ. ಸ್ನೋಮಷೀನನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋದೆ. ದೊಡ್ಡ ಹೆಣ್ಣು ಮೂಸ್, ಕಾಲೇ ನನ್ನೆದೆಯವರೆಗೆ ಬರುವಂಥದ್ದು. ಎರಡೂ ಕಡೆ ಸೊಂಟದವರೆಗೆ ಪುಡಿಹಿಮ, ನಡುವೆ ಒಂದೇ ಗಟ್ಟಿ ದಾರಿ. ಅದಕ್ಕೂ ಅಲ್ಲೇ ನಿಲ್ಲುವುದು ಸುಖವಾಗಿತ್ತು. ಕಿವಿ ಹಿಂದಕ್ಕೆ ಮಲಗಿಸಿತ್ತು. ಕಿವಿ ಹಾಗಿರುವಾಗ ಅದರ ಹತ್ತಿರ ಹೋಗುವುದು ಬುದ್ಧಿವಂತಿಕೆಯಲ್ಲ. ಅದನ್ನು ಓಡಿಸಲು ಹೋದರೆ ಅದು ನಮ್ಮನ್ನೇ ಓಡಿಸುತ್ತದೆ.

ಗಂಡಸರಲ್ಲಿ ಮುಂದಿದ್ದವರು ಆಗಲೇ ದಾಟಿ ಹೋಗಿದ್ದರು. ಫೇರ್‌ಬ್ಯಾಂಕ್ಸಿನ ಹುಡುಗಿಯರಿಬ್ಬರೂ ಕಾಲು ಕುಟ್ಟುತ್ತಾ ನಿಂತಿದ್ದರು. ಅವರ ಹಿಂದೆ ದಾರಿಯ ನಡುವೆ ಒಂದು ಚಾಪೆ ಹಾಸಿತ್ತು. ಚಾಪೆಯ ಮೇಲೆ ನನ್ನ ಹೆಂಡತಿ ಕೂತಿದ್ದಳು. ಅವಳ ಎದುರಿಗೆ ಸೊಸೆ ಕೂತು, ಜಾಕೀಟು, ಅಂಗಿ ಎಲ್ಲ ಎತ್ತಿ, ಅತ್ತೆಯ ಬರಿಗಾಲೆರಡನ್ನೂ ತನ್ನ ಬರೀ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಮೇಲೆ ಮಲಗುವ ಚೀಲ ಹೊದೆಸಿದ್ದಳು.

"ಏನ್ ನೋಡ್ತೀಯ?" ಅಂದಳು ಒಡೆಟ್ ನನಗೆ.

"ಬೆರಳು ಬೆಳ್ಳಗಾಗಿತ್ತು ಮಾವ" ಅಂದಳು ಅಂಪಾರೊ, ಹಲ್ಲು ಕಟಕಟ ಅನ್ನಿಸುತ್ತ. "ಬೂಟಲ್ಲಿ ನೀರು. ನನ್ನ ಹತ್ರ ಒಂದು ಮಾತೂ ಹೇಳಿಲ್ಲ. ಇವರು ಸತ್ತರೂ ಹೇಳೋರಲ್ಲ."

"ನಿನ್ನ ಹೊಟ್ಟೆ ಇನ್ನೂ ಬೆಚ್ಚಗಿದೆ" ಅಂದಳು ಒಡೆಟ್. "ಅನ್ನ ತಿನ್ನೋರ ಹೊಟ್ಟೆ."

"ಬೆರಳಾಡಿಸಿ ಅತ್ತೆ. ಆಡುತ್ತಾ?"

"ಆಡುತ್ತೆ. ಉರೀತಿದೆ."

"ಉರಿದ್ರೆ ಒಳ್ಳೇದು. ಜೀವ ಬರ್ತಿದೆ."

ಒಡೆಟ್ ಬೆರಳುಗಳನ್ನು ಇನ್ನೊಮ್ಮೆ ಆಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಬೆರಳಿಗೆ ರಕ್ತ ವಾಪಸು ಬರುವಾಗ ಆಗುವ ನೋವು ನನಗೆ ಗೊತ್ತು, ಹಾಗಾಗಿ ಅದಕ್ಕೇ ಅಂದುಕೊಂಡೆ. ಅದೊಂದೇ ಕಾರಣ ಅಲ್ಲ ಅಂತಲೂ ಅನ್ನಿಸಿತು.

ಅಂಪಾರೊ ಉಳಿದ ಅನ್ನದುಂಡೆಗಳನ್ನು ತೆಗೆದು ಎಲ್ಲರಿಗೂ ಹಂಚಿದಳು. ಫೇರ್‌ಬ್ಯಾಂಕ್ಸಿನ ಹುಡುಗಿಯೊಬ್ಬಳು ಕಚ್ಚಿ, "ಯಾವ ಮಾಂಸ ಇದು? ಏನ್ ರುಚಿ" ಅಂದಳು.

"ಮೂಸ್."

ಹುಡುಗಿ ಅಗಿಯುವುದನ್ನು ನಿಲ್ಲಿಸಿ ದಾರಿಯ ಕಡೆ ನೋಡಿದಳು. "ಮೆಲ್ಲಗೆ ಮಾತಾಡಿ" ಅಂದಳು ಒಡೆಟ್. "ಅವಳ ನೆಂಟರನ್ನೇ ಅವಳೆದುರಿಗೆ ತಿಂತಾ ಕೂತಿದೀವಿ."

ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಒಣ ಕಾಲುಚೀಲ ಸೊಸೆಯ ಹತ್ತಿರವಿತ್ತು, ಅದನ್ನು ಅತ್ತೆಯ ಕಾಲಿಗೆ ಏರಿಸಿದಳು. ಅದರ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಅದರ ಮೇಲೆ ನೀರು ಹಿಂಡಿದ ಬೂಟು. ಒಡೆಟ್ ಎದ್ದು ನಿಂತು ಕುಣಿದು ನೋಡಿದಳು. ನಾನು, "ಸಾಕು, ಸ್ನೋಮಷೀನಲ್ಲಿ ಕೂತ್ಕೋ, ಮನೆಗೆ ಬಿಡ್ತೀನಿ" ಅಂದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ನಾನು ಇನ್ನೊಂದು ಅನ್ನದುಂಡೆ ತೆಗೆದುಕೊಂಡೆ.

ಮೂಸ್‌ಗೆ ಕೊನೆಗೆ ಬೇಜಾರಾಯಿತೋ ಏನೋ. ಕಿವಿ ಮುಂದಕ್ಕೆ ಬಂತು. ವಿಲ್ಲೋ ಪೊದೆಯ ಒಂದು ಕಡ್ಡಿ ಮುರಿದು ತಿಂದಿತು. ಆಮೇಲೆ ಉದ್ದನೆಯ ಕಾಲೆತ್ತಿ ಪುಡಿಹಿಮದೊಳಗೆ ಇಳಿದು, ನಮ್ಮ ಕಡೆ ನೋಡದೆ ಪೊದೆಗಳಾಚೆ ಹೋಯಿತು.

ಒಂದು ಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ನಾಲ್ಕೂ ಜನ ಒಟ್ಟಿಗೆ ಸೈಕಲ್ಲಿನ ಮೇಲೆ ಬಿದ್ದರು. ಈಗ ಮುಂದಿನವರು ಹಿಂದಿನವರು ಅಂತ ಇಲ್ಲ, ಎಲ್ಲರೂ ಒಂದೇ ಸಾಲಿನವರು.

ನಾನು ದಿಬ್ಬದ ತುದಿಗೆ ಓಡಿ ನಿಂತು ನೋಡಿದೆ. ಅಲ್ಲಿಂದ ದಾರಿ ಸರ್ರನೆ ನದಿಗಿಳಿಯುತ್ತದೆ, ಬುಡದಲ್ಲಿ ಬರೀ ಮಂಜುಗಡ್ಡೆ, ಅದನ್ನು ದಾಟಿ ಒಂದು ತಿರುವು, ಆಮೇಲೆ ಸೇತುವೆಯವರೆಗೆ ನೇರ. ಫೇರ್‌ಬ್ಯಾಂಕ್ಸಿನವರಿಬ್ಬರೂ ಇಳಿಜಾರಲ್ಲಿ ಬ್ರೇಕು ಹಿಡಿದರು. ಒಡೆಟ್ ಹಿಡಿಯಲಿಲ್ಲ. ಅವಳ ಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಹಾರುತ್ತಿತ್ತು, ಸೊಂಟದಿಂದ ಮೇಲೆ ಮಾತ್ರ ಅಂಚೆ ಕಚೇರಿಯಲ್ಲಿ ಕೂತ ಹಾಗೆ ಗಂಭೀರ. ಇಬ್ಬರನ್ನೂ ದಾಟಿಕೊಂಡು ಹೋದಳು. ಅವಳ ಟೈರಿನ ಗೆರೆ ಹಿಡಿದು, ಅವಳು ಎಲ್ಲಿ ವಾಲಿದಳೋ ಅಲ್ಲೇ ವಾಲಿ, ಹಿಂದೆ ಅಂಪಾರೊ. ಮಂಜುಗಡ್ಡೆಯ ಮೇಲೆ ಟೈರಿನ ಮೊಳೆಗಳು ಕರಕರ ಕೊರೆಯುವ ಸದ್ದು ನನ್ನವರೆಗೂ ಕೇಳಿಸಿತು. ಫೇರ್‌ಬ್ಯಾಂಕ್ಸಿನ ಒಬ್ಬಳು ಜಾರಿ ಕೂತಲ್ಲೇ ನದಿಯ ಅರ್ಧ ದಾಟಿದಳು, ನಗುತ್ತಲೇ.

ಸೇತುವೆ ಹತ್ತಿರವಾಗುವಾಗ ಅಂಪಾರೊ ಪಕ್ಕಕ್ಕೆ ಬಂದು ಜೊತೆಗೂಡಿದಳು. ಅದುವರೆಗೂ ಅತ್ತೆ, ನೀವು ಅನ್ನುತ್ತಿದ್ದ ಹುಡುಗಿ ಆಗ, "ಒಡೆಟ್, ಜಾಗ ಬಿಡೇ" ಅಂತ ಕೂಗಿದಳಂತೆ. "ಬಿಡಲ್ಲ ಕಣೇ" ಅಂದಳಂತೆ ಇವಳು. ಇಬ್ಬರೂ ಹಿಡಿಕೆಗೆ ಹಿಡಿಕೆ ತಾಗಿಸಿಕೊಂಡೇ ಗೆರೆ ದಾಟಿದರು.

ಗೆರೆಯಲ್ಲಿದ್ದವನು ಪರ್ಸಿ. ಅವನ ಕನ್ನಡಕ ಅವನ ಉಸಿರಿಗೇ ಮಂಜು ಹಿಡಿದು ಬೆಳ್ಳಗಾಗಿತ್ತು. ಒರೆಸಿಕೊಂಡು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಇಬ್ಬರೂ ಸಮ" ಅಂದ.

"ಯಾವ ಸಮ? ನನ್ನ ಗಾಲಿ ಮುಂದಿತ್ತು" ಅಂದಳು ಒಡೆಟ್.

"ನನ್ನದು ಇಷ್ಟು ಮುಂದಿತ್ತು" ಅಂತ ಅಂಪಾರೊ ಕೈಯಳತೆ ತೋರಿಸಿದಳು.

"ಇಬ್ಬರಿಗೂ ಮೊದಲನೇ ಬಹುಮಾನ ಕೊಡ್ತೀವಿ, ಖುಷಿಪಡ್ರಮ್ಮ" ಅಂತ ಪರ್ಸಿ ಬೇಡಿಕೊಂಡ. ಇಬ್ಬರೂ ಒಟ್ಟಿಗೆ ಬೇಡ ಅಂದರು. ಆ ಚಳಿಗಾಲದಲ್ಲಿ ಅವರು ಸೈಕಲ್ಲಿನ ವಿಷಯದಲ್ಲಿ ಒಪ್ಪಿದ ಮೊದಲ ಮಾತು ಅದು. ಭಾನುವಾರ ಚರ್ಚ್ ಬಿಟ್ಟ ಮೇಲೆ ದಿಬ್ಬದಿಂದ ಸೇತುವೆಯವರೆಗೆ ಇಬ್ಬರೇ ಇನ್ನೊಮ್ಮೆ ಓಡಿಸುವುದು ಅಂತ ಅಲ್ಲೇ ತೀರ್ಮಾನವಾಯಿತು.

ಮನೆಗೆ ಬಂದು ಊಟವಾದ ಮೇಲೆ ಅಂಪಾರೊ ಅತ್ತೆಯ ಹಿಂದಿನ ಚಕ್ರ ಬಿಚ್ಚಿ ಊಟದ ಮೇಜಿನ ಮೇಲೇ ಇಟ್ಟುಕೊಂಡಳು. ಈ ಸಲ ಒಡೆಟ್ ಬೇಡ ಅನ್ನಲಿಲ್ಲ. ಹಳೇ ಗ್ರೀಸು ಒರೆಸಿ ತೆಗೆದಾಗ ಅದು ಒಣ ಬೆಲ್ಲದ ಹಾಗಿತ್ತು. ಎಣ್ಣೆ ಬಿಟ್ಟು ತಿರುಗಿಸಿದಾಗ ಟಿಕಟಿಕ ಅಂತ ಚೊಕ್ಕ ಸದ್ದು ಬಂತು.

"ನಾಳೆ ಸೋತ್ರೆ ಸೈಕಲ್ ಮೇಲೆ ಹೇಳೋ ಹಾಗಿಲ್ಲ, ಅದಕ್ಕೇ" ಅಂದಳು ಸೊಸೆ.

"ನೀನು ಸೋತ್ರೆ ಯಾರ ಮೇಲೆ ಹೇಳ್ತೀಯ?"

"ನಿಮ್ಮ ತಣ್ಣನೆ ಕಾಲಿನ ಮೇಲೆ. ಇನ್ನೂ ಹೊಟ್ಟೆ ನೋಯ್ತಿದೆ."

ಭಾನುವಾರ ಇಡೀ ಊರು ಸೇತುವೆ ಮೇಲೆ ಸೇರಿತ್ತು. ಪಾದ್ರಿಗಳು ಪ್ರವಚನ ಚಿಕ್ಕದು ಮಾಡಿದ್ದರು. ಡೇನ್ ಉತ್ತರದಿಂದ ಫೋನು ಮಾಡಿ, ಯಾರಿಗೆ ಚಪ್ಪಾಳೆ ತಟ್ಟಲಿ ಅಂತ ಗೊತ್ತಾಗದೆ, ಅಪ್ಪಾ ನೀನೇ ಹೇಳು ಅಂತ ಗೋಳಾಡಿದ. ಪರ್ಸಿ ಕನ್ನಡಕ ತೆಗೆದು ಜೇಬಿಗಿಟ್ಟು ಗೆರೆಯ ಪಕ್ಕ ಮೊಣಕಾಲೂರಿ ಕೂತ. ದಿಬ್ಬದ ಮೇಲಿಂದ ಎರಡು ಚುಕ್ಕೆಗಳು ಹೊರಟವು. ಮಂಜುಗಡ್ಡೆಯ ಮೇಲೆ ಒಡೆಟ್ ಮುಂದೆ. ತಿರುವಿನಲ್ಲಿ ಇಬ್ಬರೂ ಜೊತೆ. ನೇರ ದಾರಿಯಲ್ಲಿ ಚಿಕ್ಕವಳ ಕಾಲಿನಲ್ಲಿ ಇನ್ನೂ ಕಸುವಿತ್ತು, ದೊಡ್ಡವಳದು ಮುಗಿದಿತ್ತು. ಅಂಪಾರೊ ಒಂದು ಸೈಕಲ್ಲಿನಷ್ಟು ಮುಂದೆ ಗೆರೆ ದಾಟಿದಳು. ಕಣ್ಣಿಲ್ಲದವನಿಗೂ ಗೊತ್ತಾಗುವಷ್ಟು.

ಸೇತುವೆಯ ಮೇಲೆ ಗದ್ದಲ ಎದ್ದಿತು, ಹಾಗೇ ಕಡಿಮೆಯಾಯಿತು. ಎಲ್ಲರೂ ಒಡೆಟ್ ಕಡೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ನಲವತ್ತು ವರ್ಷದ ಸಂಸಾರದಲ್ಲಿ ಅವಳು ಸೋತ ಮುಖ ನಾನು ಹೆಚ್ಚು ನೋಡಿದವನಲ್ಲ. ಅವಳು ಸೈಕಲ್ಲಿಗೆ ಒರಗಿ ಉಸಿರು ತೆಗೆದುಕೊಂಡಳು. ಮುಖದ ಮಂಜು ಒರೆಸಿಕೊಂಡಳು. ಪರ್ಸಿ ಕಡೆ ತಿರುಗಿ, "ಈಗಾದ್ರೂ ಕಾಣಿಸ್ತಾ?" ಅಂದಳು.

"ಕಾಣಿಸ್ತು" ಅಂದ ಪರ್ಸಿ ಮೆಲ್ಲಗೆ.

ಆಮೇಲೆ ಅವಳು ಸೊಸೆಯ ಹತ್ತಿರ ಹೋದಳು. ಅಂಪಾರೊ ನಗಬೇಕೋ ಬೇಡವೋ ಅಂತ ನಿಂತಿದ್ದಳು.

"ತಿರುವಲ್ಲಿ ಬ್ರೇಕ್ ಯಾಕೆ ಹಿಡಿದೆ?"

"ಜಾರುತ್ತೆ ಅಂತ ಅತ್ತೆ..."

"ಅಲ್ಲಿ ಜಾರಲ್ಲ. ಎಡಗಡೆ ಬೆಳ್ಳಗೆ ಕಾಣುತ್ತಲ್ಲ, ಅದು ಒರಟು ಮಂಜು, ಹಿಡಿಯುತ್ತೆ. ನೀಲಿ ಕಾಣೋದು ಜಾರುತ್ತೆ. ಬ್ರೇಕ್ ಹಿಡೀದೇ ಇದ್ದಿದ್ರೆ ಇನ್ನೂ ಇಷ್ಟು ಮುಂದಿರ್ತಿದ್ದೆ. ಫೇರ್‌ಬ್ಯಾಂಕ್ಸಿನವರು ಬರೋ ವರ್ಷ ಸುಮ್ನೆ ಬಿಡ್ತಾರೆ ಅಂದ್ಕೊಂಡಿದೀಯಾ? ಬಾ ಇಲ್ಲಿ."

"ಎಲ್ಲಿಗೆ?"

"ದಿಬ್ಬದ ಮೇಲಕ್ಕೆ. ತೋರಿಸ್ತೀನಿ."

"ಈಗಲೇನಾ? ಊಟ?"

"ಊಟ ಎಲ್ಲೂ ಓಡಿಹೋಗಲ್ಲ."

ನಾನು ಬಿಸಿ ಚಹಾದ ಫ್ಲಾಸ್ಕು ಹಿಡಿದು ಎದುರಿಗೇ ನಿಂತಿದ್ದೆ. ಇಬ್ಬರೂ ನನ್ನನ್ನು ದಾಟಿಕೊಂಡು, ಸೈಕಲ್ ತಳ್ಳುತ್ತ, ಬಿಳಿ ಮಂಜು ನೀಲಿ ಮಂಜು ಅಂತ ಜಗಳವಾಡುತ್ತ, ಬಂದ ದಾರಿಯಲ್ಲೇ ವಾಪಸು ನಡೆದರು. ಪರ್ಸಿ ಮೊಣಕಾಲ ಹಿಮ ಕೊಡವಿಕೊಂಡು ಎದ್ದು ಬಂದ. ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಇಬ್ಬರೂ ಕುಡಿಯುತ್ತ ನಿಂತೆವು.